ತೋಡಿನಾಚೆಯ ಸಿಳ್ಳೆ

ಬೆಳಗಿನ ಐದೂಕಾಲು. ವಯನಾಡಿನ ವೆಳ್ಳಮುಂಡದ ಕಾಫಿ ತೋಟದ ಕೆಳಗೆ ತೋಡು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದೆ. ಬಾಣಾಸುರ ಬೆಟ್ಟ ಮಂಜಿನೊಳಗೆ ಮುಳುಗಿದೆ. ಇನ್ನೂ ಕಣ್ಣಿಗೆ ಬೀಳದ ಸಿಳ್ಳಾರ ಹಕ್ಕಿ ಒಂದೇ ಒಂದು ಸ್ವರವನ್ನು ತುಸು ಕೆಳಗಿನಿಂದ ಎಳೆದು ಮೇಲಕ್ಕೆ ಮುಟ್ಟಿಸಿತು. ಆಮೇಲೆ ಐದಾರು ಸ್ವರಗಳ ಸಾಲು, ಅರ್ಧಕ್ಕೇ ಬಿಟ್ಟದ್ದು.

ಹನ್ನೊಂದು ದಿನದಿಂದ ತೋಡಿನಾಚೆಯ ಇದೇ ಬಂಡೆಯೆದುರು ಕೂರುತ್ತಿದ್ದೇನೆ. ಬೆಳಕು ಹರಿದ ಮೇಲೂ ಮೊದಲಿಗೆ ಹಕ್ಕಿ ಬರೀ ಕಪ್ಪು. ಕತ್ತು ತಿರುಗಿಸಿದಾಗಷ್ಟೇ ಹಣೆಯಲ್ಲಿ, ಹೆಗಲಲ್ಲಿ ಹೊಳೆಯುವ ಕಡುನೀಲಿ ಮಿಂಚಿ ಆರುತ್ತದೆ. ಬಾಲವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ, ಮುಚ್ಚುತ್ತದೆ. ಏಡಿಯೊಂದನ್ನು ಕಲ್ಲಿಗೆ ಬಡಿದು, ಕಾಲು ಉದುರಿಸಿ, ನುಂಗಿ, ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪಾಚಿಗೆ ಒರೆಸಿಕೊಂಡು ನಿನ್ನೆಯ ಸಾಲನ್ನೇ ಮತ್ತೆ ಎತ್ತಿಕೊಂಡಿತು. ನಿನ್ನೆಯದೇ, ಆದರೆ ಮೂರನೆಯ ಸ್ವರದ ಮೇಲೆ ಇವತ್ತು ಹೆಚ್ಚು ಹೊತ್ತು ನಿಂತಿತು.

ರಾತ್ರಿ, ಮಳೆಯ ಸದ್ದಿನ ನಡುವೆ, ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಒಬ್ಬನೇ ಕೂತು ನುಡಿಸಿದ ‘ಡೈನಾ’ ಕೇಳುತ್ತೇನೆ. 1925ರ ಹಾಡು, ಅವನ ಧ್ವನಿಮುದ್ರಿಕೆ ಬಂದದ್ದು 1965ರಲ್ಲಿ. ಡ್ರಮ್ ಇಲ್ಲ, ಬಾಸ್ ಇಲ್ಲ, ತಾಳದ ಭಾರವೂ ಎಡಗೈಯದೇ. ನ್ಯೂಯಾರ್ಕಿನ ಹಾರ್ಲೆಮ್‌ನ ಹಳೆಯ ಪಿಯಾನೊ ವಾದಕರ ಹಾಗೆ ಆ ಕೈ ಮಂದ್ರದ ಒಂದು ಸ್ವರ ಒತ್ತಿ, ಮೇಲಕ್ಕೆ ಜಿಗಿದು ಒಂದು ಸ್ವರಗುಚ್ಛ ಮುಟ್ಟಿ, ಮತ್ತೆ ಕೆಳಗಿಳಿಯುತ್ತದೆ. ತೋಡಿನ ಕಲ್ಲಿಂದ ಕಲ್ಲಿಗೆ ಕುಪ್ಪಳಿಸುವ ಕಾಲುಗಳ ಲೆಕ್ಕ ಅದು.

ಜಾಝ್‌ನ ಬೇರಾದ ಬ್ಲೂಸ್ ಹಾಡುವವರು ಮೂರನೆಯ ಸ್ವರವನ್ನು ಎರಡು ಗಾಂಧಾರಗಳ ನಡುವೆಲ್ಲೋ ತೂಗುತ್ತಾರೆ. ಗಂಟಲಿಗೆ ಅದು ಸಲೀಸು. ಪಿಯಾನೊದಲ್ಲಿ ಆ ಜಾಗಕ್ಕೆ ಕೀ ಇಲ್ಲ. ನಮ್ಮ ಹಾರ್ಮೋನಿಯಂಗೂ ಅದೇ ಕೊರತೆ. ಗಮಕ ಬಾರದ ವಾದ್ಯವೆಂದು ಆಕಾಶವಾಣಿಯವರು 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿದ್ದರು. ಪಿಯಾನೊದವರು ಉಪಾಯ ಹುಡುಕಿಕೊಂಡರು: ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೇ ಒತ್ತುವುದು, ಇಲ್ಲವೇ ಕರಿಯದರಿಂದ ಬಿಳಿಯದಕ್ಕೆ ಬೆರಳು ಜಾರಿಸುವುದು. ಇಲ್ಲದ ಸ್ವರದ ನೆರಳು ಕೇಳುತ್ತದೆ. ಮಂಕ್ ಆ ಎರಡು ಸ್ವರಗಳ ತಿಕ್ಕಾಟವನ್ನು ನಯಗೊಳಿಸುವುದಿಲ್ಲ. ನನಗೆ ಹಿಡಿಸಿದ್ದು ಅದೇ.

ಸಿಳ್ಳಾರಕ್ಕೆ ಈ ಪಾಡಿಲ್ಲ: ಅದು ಜಾರಬಲ್ಲದು, ಎರಡು ಸ್ವರ ಒಟ್ಟಿಗೇ ಎತ್ತಲೂಬಲ್ಲದು. ಹಾಡುಹಕ್ಕಿಗಳ ದನಿಯಂಗ ಇರುವುದು ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ; ಎರಡು ಕವಲೂ ಬೇರೆ ಬೇರೆ ನುಡಿಯಬಲ್ಲವು.

ಹನ್ನೆರಡನೆಯ ದಿನ ಮಳೆ ಹನಿ ಕಡಿಯಲಿಲ್ಲ. ಕೊಡೆಯಡಿ ಕಾದೆ. ಅದೇ ಬಂಡೆ, ಅದೇ ಸಾಲು. ಒಂದು, ಎರಡು, ಮೂರನೆಯದಕ್ಕೆ ಕೆಳಗಿನಿಂದ ಜಾರುತ್ತಾ ಏರಿ, ಪೂರ್ತಿ ಮುಟ್ಟದೆ ಅಲ್ಲೇ ತೂಗಿತು. ಮುಂದಿನದಕ್ಕೆ ನಾನು ಉಸಿರು ಹಿಡಿದಿದ್ದಾಗ, ಅದು ಬಾಲ ಮುಚ್ಚಿ ಏಡಿ ಹುಡುಕಲು ನೀರಿನಂಚಿಗೆ ಇಳಿಯಿತು.