ನೋವಿನ ಮಾತ್ರೆ: ನುಂಗುವ ಮೊದಲು ಗಡಿಯಾರ ನೋಡಿ



ಮುಂಬಯಿಯ ಬೆಳಗಿನ ಲೋಕಲ್, ನಿಲ್ಲಲೂ ಜಾಗವಿಲ್ಲ, ಸೊಂಟದಲ್ಲಿ ಸೆಳೆತ ಬೇರೆ. ಠಾಣೆಯಲ್ಲಿ ಒಂದು ಮಾತ್ರೆ ನುಂಗುತ್ತೀರಿ. ದಾದರ್ ಬಂದರೂ ನೋವು ಹಾಗೇ ಇದೆ. 'ಇದು ನಾಟಲಿಲ್ಲ' ಎಂದು ಇನ್ನೊಂದನ್ನು ಬಾಯಿಗೆ ಹಾಕಿಕೊಳ್ಳುತ್ತೀರಿ. ತಪ್ಪಾಗುವುದು ಇಲ್ಲೇ!

ಪೆಟ್ಟಾದ ಜಾಗದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗಿ ನೋವು, ಬಾವು ಹೆಚ್ಚುತ್ತವೆ. ಐಬುಪ್ರೊಫೇನ್, ಆಸ್ಪಿರಿನ್‌ನಂಥ ಮಾತ್ರೆಗಳು ಅದರ ತಯಾರಿಕೆಯನ್ನೇ ತಡೆಯುತ್ತವೆ. ಇದನ್ನು 1971ರಲ್ಲಿ ತೋರಿಸಿಕೊಟ್ಟ ಬ್ರಿಟನ್ನಿನ ಜಾನ್ ವೇನ್, 1982ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು.

ಆದರೆ ಮಾತ್ರೆ ಕರಗಿ, ಕರುಳಿನಿಂದ ರಕ್ತಕ್ಕೆ ಸೇರಲು ಹೊತ್ತು ಬೇಕು. ಐಬುಪ್ರೊಫೇನ್ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಪೂರ್ತಿ ಬಲ ಕಾಣುತ್ತದೆ. ಪರಿಣಾಮ 4ರಿಂದ 6 ಗಂಟೆ ಉಳಿಯುತ್ತದೆ. ಊಟವಾದ ಮೇಲೆ ತೆಗೆದುಕೊಂಡರೆ ಸ್ವಲ್ಪ ತಡ. ಹೊಟ್ಟೆಯಲ್ಲಿ ಕರಗದಂತೆ ಲೇಪ ಕೊಟ್ಟ ಮಾತ್ರೆ ಇನ್ನೂ ತಡ. ಅದನ್ನು ಮುರಿದು ನುಂಗಬಾರದು. ಬಾವು ಇಳಿಯುವುದಕ್ಕಂತೂ ಕೆಲವು ದಿನಗಳೇ ಬೇಕಾಗಬಹುದು.

ಅವಸರಪಟ್ಟರೆ ನಷ್ಟವೇನು? ಜಠರದ ಒಳಪದರವನ್ನು ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲು ನೆರವಾಗುವುದೂ ಅದೇ ಪ್ರೋಸ್ಟಗ್ಲಾಂಡಿನ್. ಮಾತ್ರೆ ಹೆಚ್ಚಾದಷ್ಟೂ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಭಯ ಹೆಚ್ಚು. 400 ಮಿ.ಗ್ರಾಂ. ಐಬುಪ್ರೊಫೇನ್ ತೆಗೆದುಕೊಂಡರೆ ಮುಂದಿನದಕ್ಕೆ ಕನಿಷ್ಠ 6 ಗಂಟೆ ಬಿಡಿ. ವೈದ್ಯರು ಹೇಳದೆ ದಿನಕ್ಕೆ 1200 ಮಿ.ಗ್ರಾಂ. ಮೀರಬೇಡಿ. ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದು, ಸ್ಟ್ರಿಪ್‌ನ ಹಿಂಬದಿ ಓದಿ.

ಹುಣ್ಣು, ಆಸ್ತಮಾ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಳೆಗಾಲದ ಜ್ವರಕ್ಕೂ ಇವು ಬೇಡ. ಅದು ಡೆಂಗ್ಯೂ ಆಗಿದ್ದರೆ ರಕ್ತಸ್ರಾವಕ್ಕೆ ದಾರಿಯಾದೀತು. ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಂದು ಸುಲಭ ಉಪಾಯ: ಮಾತ್ರೆ ನುಂಗಿದ ಹೊತ್ತನ್ನು ಸ್ಟ್ರಿಪ್ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ. ಇನ್ನೊಂದಕ್ಕೆ ಕೈ ಹೋದಾಗ ಅದೇ ನಿಮ್ಮನ್ನು ತಡೆದೀತು.