ಒಡೆತನದ ಭಾವ ಗೋಡೆಬರಹದಿಂದ ಬಾರದು

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಕೆತ್ತಲಾಗಿದೆ. 1956ರಲ್ಲಿ ಪೂರ್ಣಗೊಂಡ ಆ ಭವ್ಯ ಕಟ್ಟಡದ ಈ ಬರಹವನ್ನು ಅರಿಯದ ಕನ್ನಡಿಗರು ವಿರಳ. ಕೆಲವರು ಅದನ್ನು ಗೌರವದಿಂದ ನೆನೆದರೆ, ಕಚೇರಿಯಿಂದ ಕಚೇರಿಗೆ ಅಲೆದು ಬೇಸತ್ತವರು ವ್ಯಂಗ್ಯವಾಗಿ ನೆನೆಯುತ್ತಾರೆ. ಖಾಸಗಿ ಸಂಸ್ಥೆಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ‘ಈ ಸಂಸ್ಥೆ ನಿಮ್ಮದು’, ‘ನಾವೆಲ್ಲ ಒಂದೇ ಕುಟುಂಬ’ ಎಂಬ ಫಲಕಗಳು ಕಾರ್ಖಾನೆಯ ಗೋಡೆಗಳನ್ನು ಅಲಂಕರಿಸಿರುತ್ತವೆ. ಆದರೂ ‘ತನ್ನದೆಂದು ತಿಳಿದು ದುಡಿಯುವವರೇ ಇಲ್ಲ’ ಎಂಬ ಮಾಲೀಕರ ಕೊರಗು ಮಾತ್ರ ನಿಂತಿಲ್ಲ.

ಈ ಕೊರಗಿನಲ್ಲಿ ನಿಜವಿದೆ. ಆದರೆ ಅದಕ್ಕೆ ಹುಡುಕುವ ಪರಿಹಾರ ಬಹುತೇಕ ಉಪದೇಶದಲ್ಲಿಯೇ ಮುಗಿಯುತ್ತದೆ. ಒಡೆತನದ ಭಾವವೆಂಬುದು ಬೋಧನೆಯಿಂದ ಹುಟ್ಟುವಂಥದ್ದಲ್ಲ. ಮನೆಯೊಂದನ್ನು ಒಬ್ಬಾತ ತನ್ನದೆಂದು ಭಾವಿಸಬೇಕಾದರೆ ಆ ಮನೆಯ ವಿಷಯದಲ್ಲಿ ಅವನ ಮಾತು ನಡೆಯಬೇಕು, ಆದಾಯ-ವೆಚ್ಚ ಅವನಿಗೆ ತಿಳಿದಿರಬೇಕು, ಏಳಿಗೆಯಾದಾಗ ಅದರ ಫಲ ಅವನಿಗೂ ದಕ್ಕಬೇಕು. ಉದ್ಯೋಗದ ಸ್ಥಳಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ನಿರ್ಧಾರದ ಹಕ್ಕು, ಲೆಕ್ಕದ ಅರಿವು, ಫಲದಲ್ಲಿ ಪಾಲು ಎಂಬ ಈ ಮೂರರಲ್ಲಿ ಒಂದಾದರೂ ಕೈಗೆ ಬಾರದ ನೌಕರನಿಂದ ಮಾಲೀಕನ ಮನೋಭಾವವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕಾಯಕದ ಮಾತು

ನಮ್ಮ ನಾಡಿನಲ್ಲಿ ಈ ಚರ್ಚೆ ಬಂದಾಗಲೆಲ್ಲ ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವವನ್ನು ಸ್ಮರಿಸುವುದು ವಾಡಿಕೆ. ದುಡಿಮೆಗೆ ಪೂಜೆಯ ಸ್ಥಾನ ನೀಡಿದ ಆ ತತ್ತ್ವ ನಿಜಕ್ಕೂ ಹೆಮ್ಮೆಯ ಆಸ್ತಿ. ಆದರೆ ಅದನ್ನು ಉಲ್ಲೇಖಿಸುವವರು ಎರಡು ಅಂಶಗಳನ್ನು ಮರೆಯುತ್ತಾರೆ. ಅಂಬಿಗ, ಮಾದಾರ, ಮಡಿವಾಳ ಮೊದಲಾದ ಶರಣರು ಮಾಡಿದ್ದು ತಮ್ಮ ಸ್ವಂತ ಕಸುಬನ್ನು. ಉಪಕರಣ ಅವರ ಕೈಯಲ್ಲಿತ್ತು, ಕೆಲಸದ ರೀತಿಯನ್ನು ನಿರ್ಧರಿಸುವವರೂ ಅವರೇ ಆಗಿದ್ದರು. ಎರಡನೆಯದಾಗಿ, ಕಾಯಕದ ಜೊತೆಗೇ ದಾಸೋಹವೂ ಇತ್ತು. ದುಡಿಮೆಯ ಫಲ ಒಬ್ಬನಲ್ಲಿ ಕೂಡಿಕೊಳ್ಳದೆ ಸಮುದಾಯಕ್ಕೆ ಹಂಚಿಕೆಯಾಗಬೇಕೆಂಬುದು ಅದರ ತಿರುಳು. ದಾಸೋಹವನ್ನು ಬದಿಗಿಟ್ಟು ಕಾಯಕವನ್ನಷ್ಟೇ ನೌಕರರಿಗೆ ಬೋಧಿಸಿದರೆ ಅದು ಹೆಚ್ಚು ದುಡಿಸಿಕೊಳ್ಳುವ ನೆಪವಾದೀತು.

ನಿರ್ಧಾರದ ಹಕ್ಕು

ಕೆಲಸಗಾರನ ಕೈಗೆ ಅಧಿಕಾರ ಕೊಡುವುದೆಂದರೇನು ಎಂಬುದಕ್ಕೆ ಜಪಾನಿನ ಟೊಯೋಟಾ ಸಂಸ್ಥೆಯ ಪದ್ಧತಿ ಒಳ್ಳೆಯ ನಿದರ್ಶನ. ಅದರ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಸಂಸ್ಥೆಯ ಮೂಲಪುರುಷ ಸಕಿಚಿ ಟೊಯೋಡಾ ಅವರು 1924ರಲ್ಲಿ ರೂಪಿಸಿದ ಸ್ವಯಂಚಾಲಿತ ಮಗ್ಗ, ನೂಲು ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಹೀಗಾಗಿ ದೋಷವಿರುವ ಬಟ್ಟೆ ಮುಂದುವರಿಯುತ್ತಿರಲಿಲ್ಲ. ಇದೇ ತತ್ತ್ವವನ್ನು ಮುಂದೆ ಕಾರು ಜೋಡಣೆಗೆ ಅಳವಡಿಸಲಾಯಿತು. ಜೋಡಣೆಯ ಸಾಲಿನಲ್ಲಿ ನಿಂತ ಕಾರ್ಮಿಕನಿಗೆ ದೋಷ ಕಂಡರೆ ಅವನು ಹಗ್ಗವೊಂದನ್ನು ಎಳೆಯಬಹುದು. ಸೂಚನೆಯ ದೀಪ ಬೆಳಗುತ್ತಲೇ ತಂಡದ ಮುಖ್ಯಸ್ಥ ನೆರವಿಗೆ ಧಾವಿಸುತ್ತಾನೆ. ಅಷ್ಟರಲ್ಲಿ ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಹಗ್ಗದ ಹಿಂದಿರುವ ನಂಬಿಕೆಯನ್ನು. ಎಳೆದವನನ್ನು ಗದರಿಸುವ ಕಾರ್ಖಾನೆಯಲ್ಲಿ ಆ ಹಗ್ಗವನ್ನು ಎರಡನೆಯ ಬಾರಿ ಯಾರೂ ಮುಟ್ಟರು. ಹತ್ತು ಮಂದಿಯ ವರ್ಕ್‌ಶಾಪಿಗೂ ಇದು ಸಲ್ಲುತ್ತದೆ. ಲೇತ್ ಯಂತ್ರದ ಮುಂದೆ ನಿಂತವನು ‘ಈ ಕಬ್ಬಿಣ ಸರಿಯಿಲ್ಲ’ ಎಂದಾಗ ‘ನಿನಗೇಕೆ ಆ ಉಸಾಬರಿ, ಹೇಳಿದಷ್ಟು ಮಾಡು’ ಎಂದರೆ, ಮರುದಿನದಿಂದ ಅವನು ಹೇಳಿದಷ್ಟನ್ನೇ ಮಾಡುತ್ತಾನೆ.

ಆದರೆ ಹಗ್ಗವೊಂದೇ ಸಾಲದು. ಟೊಯೋಟಾ ಪಾಲುದಾರಿಕೆಯ ಬಿಡದಿ ಕಾರ್ಖಾನೆಯಲ್ಲಿಯೇ 2020ರ ನವೆಂಬರ್‌ನಲ್ಲಿ ಮುಷ್ಕರ ಮತ್ತು ಲಾಕೌಟ್ ನಡೆದವು. ಕೆಲಸದ ಹೊರೆ ಹೆಚ್ಚಿದೆ ಎಂಬುದು ಕಾರ್ಮಿಕ ಸಂಘದ ಪ್ರಮುಖ ದೂರಾಗಿತ್ತು. ದೋಷ ಕಂಡಾಗ ಸಾಲನ್ನು ನಿಲ್ಲಿಸುವ ಅಧಿಕಾರ ಒಂದು ಬಗೆಯದು, ಸಾಲು ಎಷ್ಟು ವೇಗವಾಗಿ ಓಡಬೇಕೆಂಬ ಮಾತಿನಲ್ಲಿ ದನಿಯಿರುವುದು ಇನ್ನೊಂದು ಬಗೆಯದು.

ಲೆಕ್ಕದ ಅರಿವು

ಅದಾದ ಕೆಲವೇ ವಾರಗಳಲ್ಲಿ, ಅಂದರೆ 2020ರ ಡಿಸೆಂಬರ್ 12ರಂದು, ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಐಫೋನ್ ತಯಾರಿಕಾ ಘಟಕದಲ್ಲಿ ಕಾರ್ಮಿಕರ ಆಕ್ರೋಶ ಹಿಂಸೆಗೆ ತಿರುಗಿತು. ಹಿಂಸೆಗೆ ಸಮರ್ಥನೆಯಿಲ್ಲ. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ ಅಥವಾ ಸಕಾಲಕ್ಕೆ ವೇತನ ಪಾವತಿಯಾಗಿರಲಿಲ್ಲ ಎಂಬುದನ್ನು ಕಂಪನಿಯೇ ನಂತರ ಒಪ್ಪಿಕೊಂಡು ಕ್ಷಮೆ ಕೋರಿತು. ಆ ಘಟಕ 2023ರಲ್ಲಿ ಟಾಟಾ ಸಮೂಹದ ಪಾಲಾಯಿತು. ತನ್ನ ದುಡಿಮೆಯ ಗಂಟೆಗಳಿಗೂ ಕೈಗೆ ಬಂದ ಹಣಕ್ಕೂ ಏನು ಸಂಬಂಧವೆಂದೇ ತಿಳಿಯದ ಯುವಕನ ಮುಂದೆ ಒಡೆತನದ ಮಾತಾಡುವುದು ಹೇಗೆ?

ಲೆಕ್ಕದ ಅರಿವು ಸಂಬಳದ ಚೀಟಿಯಿಂದ ಆರಂಭವಾಗುತ್ತದೆ, ಅಲ್ಲಿಗೇ ಮುಗಿಯುವುದಿಲ್ಲ. ಹೊಲಿಗೆ ವಿಭಾಗದಲ್ಲಿ ತಿರಸ್ಕೃತವಾಗುವ ಒಂದು ಅಂಗಿಯಿಂದ ಎಷ್ಟು ರೂಪಾಯಿ ನಷ್ಟವೆಂಬುದು ಹೊಲಿಯುವವಳಿಗೆ ತಿಳಿದಿರಬೇಕು. ಹೋಟೆಲಿನಲ್ಲಿ ದಿನದ ಕೊನೆಗೆ ಉಳಿದು ಚೆಲ್ಲುವ ಅನ್ನದ ಬೆಲೆ ಅಡುಗೆಯವನಿಗೆ ಗೊತ್ತಿರಬೇಕು. ಅಂಕಿ ಅಂಶಗಳನ್ನು ಮುಚ್ಚಿಟ್ಟು ‘ಉಳಿತಾಯ ಮಾಡಿ’ ಎಂದರೆ, ಎಲ್ಲಿ, ಎಷ್ಟು, ಯಾರಿಗಾಗಿ ಎಂಬ ಪ್ರಶ್ನೆಗಳು ಉಳಿದೇಬಿಡುತ್ತವೆ.

ಕಾನೂನು ಈ ದಿಕ್ಕಿನಲ್ಲಿ ಬಹಳ ಹಿಂದೆಯೇ ಹೆಜ್ಜೆಯಿಟ್ಟಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕೈಗಾರಿಕೆಗಳಲ್ಲಿ ಉಭಯ ಪಕ್ಷಗಳ ಪ್ರತಿನಿಧಿಗಳಿರುವ ಕಾರ್ಯ ಸಮಿತಿಗಳನ್ನು ರಚಿಸಲು ಅವಕಾಶ ಕಲ್ಪಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. 1976ರ ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 43ಎ ವಿಧಿಯು ಆಡಳಿತದಲ್ಲಿ ಕಾರ್ಮಿಕರ ಭಾಗವಹಿಸುವಿಕೆಯನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿಸಿತು. ಸಮಿತಿ ಕಾಗದದ ಮೇಲಿದ್ದು, ಸಭೆ ಕ್ಯಾಂಟೀನಿನ ಕಾಫಿಯ ರುಚಿಯ ಚರ್ಚೆಯಲ್ಲೇ ಮುಗಿದರೆ ಅದರ ಉದ್ದೇಶ ಈಡೇರದು.

ಫಲದಲ್ಲಿ ಪಾಲು

ನೌಕರರನ್ನು ಪಾಲುದಾರರನ್ನಾಗಿಸುವ ಹಾದಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ ದೇಶಕ್ಕೆ ಮಾದರಿಯಾಯಿತು. 1981ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1990ರ ದಶಕದಲ್ಲಿಯೇ ಉದ್ಯೋಗಿಗಳಿಗೆ ಷೇರು ನೀಡುವ ಯೋಜನೆಯನ್ನು ಜಾರಿಗೊಳಿಸಿತು. ಸಂಸ್ಥೆ ಬೆಳೆದಂತೆ ಅದರ ಲಾಭ ಸ್ಥಾಪಕರಲ್ಲದ ಅನೇಕ ಉದ್ಯೋಗಿಗಳ ಮನೆಯನ್ನೂ ತಲುಪಿತು. ಆದರೆ ಷೇರಿನ ಬೆಲೆ ಪೇಟೆಯ ಏರಿಳಿತಕ್ಕೆ ಒಳಪಟ್ಟದ್ದು. ನೌಕರನು ಶ್ರದ್ಧೆಯಿಂದ ದುಡಿದ ವರ್ಷದಲ್ಲಿಯೂ ಅದು ಕುಸಿಯಬಹುದು.

ಇನ್ನೂ ನೇರವಾದ ಮಾದರಿ ಕಾಫಿ ಹೌಸ್‌ಗಳದು. 1950ರ ದಶಕದಲ್ಲಿ ಕಾಫಿ ಮಂಡಳಿ ತಾನು ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು ಮುಚ್ಚಲು ಮುಂದಾದಾಗ ಅಲ್ಲಿನ ನೌಕರರು ಬೀದಿಗೆ ಬೀಳುವ ಸ್ಥಿತಿ ಎದುರಾಯಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಕಾಫಿ ಹೌಸ್‌ಗಳನ್ನು ನಡೆಸಲು ನಿಂತರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪನೆಯಾಯಿತು. ಕಾಫಿ ತಂದಿಡುವವರೇ ಸಂಘದ ಸದಸ್ಯರು, ಸದಸ್ಯರೇ ಆಡಳಿತ ಮಂಡಳಿಯನ್ನು ಆರಿಸುವವರು. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಸ್ಥಳಾಂತರಗೊಂಡಾಗ ಹಳೆಯ ಗ್ರಾಹಕರು ಮರುಗಿದ್ದನ್ನು ನಗರ ಕಂಡಿದೆ. ಬಂಡವಾಳ ಕಡಿಮೆ, ಬಾಡಿಗೆಯ ಹೊರೆ ಹೆಚ್ಚು ಎಂಬ ಕಷ್ಟಗಳು ಇಂಥ ಸಂಘಗಳಿಗೆ ತಪ್ಪಿದ್ದಲ್ಲ. ಆದರೂ ಮುಚ್ಚಬೇಕಿದ್ದ ಉದ್ಯಮವೊಂದು ನೌಕರರ ಒಡೆತನದಲ್ಲಿ ದಶಕಗಳ ಕಾಲ ಬಾಳಿತೆಂಬುದು ಸಣ್ಣ ಮಾತಲ್ಲ.

ಮಾಲೀಕರು ಏನು ಮಾಡಬಹುದು?

ಪ್ರತಿಯೊಂದು ಅಂಗಡಿಯೂ ಸಹಕಾರ ಸಂಘವಾಗಬೇಕಿಲ್ಲ, ಪ್ರತಿಯೊಬ್ಬ ಮಾಲೀಕನೂ ಷೇರು ಹಂಚಬೇಕಿಲ್ಲ. ಸಣ್ಣ ಉದ್ಯಮಿಯೂ ಕೈಗೊಳ್ಳಬಹುದಾದ ಕ್ರಮಗಳು ಹಲವಿವೆ. ಮೊದಲನೆಯದು, ಯಾವ ವಿಷಯದಲ್ಲಿ ನೌಕರನು ಕೇಳದೆಯೇ ನಿರ್ಧರಿಸಬಹುದೆಂದು ಸ್ಪಷ್ಟಪಡಿಸುವುದು. ಗ್ರಾಹಕರ ಸಾಮಾನನ್ನು ಎಷ್ಟು ಮೊತ್ತದವರೆಗೆ ಬದಲಿಸಿಕೊಡಬಹುದು ಎಂಬಂಥ ಸಣ್ಣ ಅಧಿಕಾರವೂ ದೊಡ್ಡ ಬದಲಾವಣೆ ತರಬಲ್ಲದು. ಎರಡನೆಯದು, ತಿಂಗಳಿಗೊಮ್ಮೆಯಾದರೂ ಎಲ್ಲರನ್ನೂ ಕೂರಿಸಿ ಉತ್ಪಾದನೆ, ನಷ್ಟ, ಗ್ರಾಹಕರ ದೂರುಗಳನ್ನು ಅಂಕಿಗಳ ಸಹಿತ ತಿಳಿಸುವುದು. ಮೂರನೆಯದು, ನೌಕರನ ಸಲಹೆಯಿಂದ ಉಳಿತಾಯವಾದರೆ ಅದರಲ್ಲಿ ಇಂತಿಷ್ಟು ಪಾಲು ಅವನಿಗೆಂದು ಮುಂಚಿತವಾಗಿ ಘೋಷಿಸಿ ನಡೆದುಕೊಳ್ಳುವುದು. ನಾಲ್ಕನೆಯದು, ಸಲಹೆಯನ್ನು ಒಪ್ಪದಿದ್ದಾಗ ಕಾರಣವನ್ನು ಹೇಳುವುದು. ಉತ್ತರವಿಲ್ಲದ ಸಲಹಾ ಪೆಟ್ಟಿಗೆ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ.

ನೌಕರರಿಗೂ ಇಲ್ಲಿ ಹೊಣೆಯಿದೆ. ನಿರ್ಧಾರದ ಹಕ್ಕು ಕೇಳುವವನು ನಿರ್ಧಾರ ತಪ್ಪಿದಾಗ ಉತ್ತರ ಕೊಡಲೂ ಸಿದ್ಧನಿರಬೇಕು. ಆದರೆ ಒಡೆತನದ ಭಾವವೆಂದರೆ ಹಗಲಿರುಳು ದುಡಿಯುವುದು, ರಜೆ ಕೇಳದಿರುವುದು, ಸಂಬಳ ಏರಿಕೆಯ ಮಾತೆತ್ತದಿರುವುದು ಎಂಬ ಅರ್ಥವನ್ನು ಯಾರೂ ಹಚ್ಚಬಾರದು. ನಷ್ಟದ ಹೊಣೆ ನೌಕರನಿಗೆ, ಲಾಭ ಮಾಲೀಕನಿಗೆ ಎಂಬ ಏರ್ಪಾಡು ಬಹುಕಾಲ ಬಾಳದು.

ಆದ್ದರಿಂದ ‘ಈ ಸಂಸ್ಥೆ ನಿಮ್ಮದು’ ಎಂಬ ಫಲಕವನ್ನು ತೂಗುಹಾಕುವ ಮುನ್ನ ಅದರಲ್ಲಿ ನೌಕರನಿಗೆ ಯಾವುದು, ಎಷ್ಟು ಎಂಬುದನ್ನು ಆಡಳಿತವರ್ಗ ತಾನೇ ಬರೆದುಕೊಳ್ಳುವುದು ಒಳಿತು. ಆ ಪಟ್ಟಿ ಸಿದ್ಧವಾದ ಸಂಸ್ಥೆಗೆ ಫಲಕದ ಅಗತ್ಯವೇ ಬೀಳಲಾರದು.