ಸೊಂಟ ಬಿದ್ದ ನಾಯಿ ಮತ್ತೆ ನಡೆಯಬಹುದು: ಮನೆಯಲ್ಲೇ ಮಾಡುವ ಫಿಸಿಯೋಥೆರಪಿ

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಮಂಗಳೂರಿನ ವಾಮಂಜೂರು ಕಡೆ ಇರುವ ನಮ್ಮ ತೋಟದ ಗೇಟಿನ ಎದುರು ಒಂದು ಪಿಕಪ್ ಗಾಡಿ ನಮ್ಮ ಕರಿಯನಿಗೆ ಬಡಿದು ಹೋಯಿತು. ರಕ್ತ ಹೆಚ್ಚೇನೂ ಬರಲಿಲ್ಲ. ಆದರೆ ಏಳಲು ನೋಡಿದವನ ಹಿಂದಿನ ಎರಡೂ ಕಾಲು ಒದ್ದೆ ಗೋಣಿಯ ಹಾಗೆ ಎಳೆದುಕೊಂಡು ಬಂದವು. ಎಂಟು ವರ್ಷ ಮಂಗ, ಹಂದಿ ಓಡಿಸಿ ತೋಟ ಕಾದ ನಾಯಿ ಅದು. ಪಕ್ಕದ ಮನೆಯವರು ಬಂದು ನೋಡಿ, "ಇನ್ನು ಇದು ಏಳುದಿಲ್ಲ ಮಾರಾಯ, ಒಂದು ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡು" ಅಂದರು. ಅಪ್ಪನೂ ಏನೂ ಹೇಳದೆ ಒಳಗೆ ಹೋದರು.

ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಮುರಿದಿರಲಿಲ್ಲ. ಡಾಕ್ಟ್ರು ಹಿಂದಿನ ಕಾಲಿನ ಬೆರಳನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿದಾಗ ಕರಿಯ ತಿರುಗಿ ನೋಡಿ ಕುಂಯ್ ಅಂದ. "ನೋವು ಗೊತ್ತಾಗ್ತದೆ, ಆಸೆ ಉಂಟು. ಆದ್ರೆ ಮದ್ದು ಅರ್ಧ ಕೆಲಸ ಮಾತ್ರ. ಉಳಿದ ಅರ್ಧ ನಿಮ್ಮ ಕೈಯಲ್ಲಿ" ಅಂದರು ಡಾಕ್ಟ್ರು. ಆ ಉಳಿದ ಅರ್ಧದ ಬಗ್ಗೆಯೇ ಈ ವಾರದ ಲೇಖನ.

ಮಂಗಳೂರು ಫಿಸಿಯೋಥೆರಪಿ ಕಾಲೇಜುಗಳ ಊರು. ಮನುಷ್ಯರಿಗೆ ಪಾರ್ಶ್ವವಾಯು ಆದರೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸುತ್ತೇವೆ. ನಾಯಿಗೆ ಮಾತ್ರ ಎರಡು ದಿನ ನೋಡಿ ಕೈಬಿಡುತ್ತೇವೆ. ಬೆಂಗಳೂರಿನ ಕೆಲವು ಖಾಸಗಿ ಕ್ಲಿನಿಕ್‌ಗಳಲ್ಲಿ ಪ್ರಾಣಿಗಳನ್ನು ನೀರೊಳಗೆ ನಡೆಸುವ ಟ್ರೆಡ್‌ಮಿಲ್ ಕೂಡ ಉಂಟು. ಹಳ್ಳಿಯಲ್ಲಿರುವ ನಮಗೆ ಅದು ಕೈಗೆಟುಕದಿದ್ದರೂ ಚಿಂತೆ ಬೇಡ. ಹಳೇ ಟವೆಲ್, ಒಣ ಗೋಣಿ, ತೋಟದ ಟ್ಯಾಂಕ್ ಮತ್ತು ದಿನಕ್ಕೆ ಒಂದು ಗಂಟೆ ಇದ್ದರೆ ತುಂಬಾ ಕೆಲಸ ಮಾಡಬಹುದು.

ಮುಟ್ಟುವ ಮೊದಲು ಇದನ್ನು ಓದಿ

ಹಿಂದಿನ ಕಾಲು ಬೀಳಲು ಅಪಘಾತ ಒಂದೇ ಕಾರಣ ಅಲ್ಲ. ಡಿಸ್ಟೆಂಪರ್ ರೋಗ, ಉಣ್ಣಿಯಿಂದ ಬರುವ ಜ್ವರ, ಬೆನ್ನಿನ ಡಿಸ್ಕ್ ಜಾರುವುದು, ಎಲ್ಲದರಲ್ಲೂ ಕಾಲು ಸೋಲುತ್ತದೆ. ಹುಚ್ಚುನಾಯಿ ರೋಗ ಅಂದರೆ ರೇಬೀಸ್‌ನಲ್ಲೂ ಹೀಗಾಗಬಹುದು. ಪೆಟ್ಟು ಬಿದ್ದದ್ದು ಗೊತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ನೀರು ನುಂಗಲಾಗುತ್ತಿಲ್ಲ, ಕೂಗುವ ಸ್ವರ ಬದಲಾಗಿದೆ ಅಂತಾದರೆ ಹತ್ತಿರ ಹೋಗಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಕಚ್ಚಿದರೆ, ಪರಚಿದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಅಪಘಾತ ಆಗಿದ್ದರೆ ಕಾಲು, ಸೊಂಟ ಹಿಡಿದು ಎತ್ತಬೇಡಿ. ಒಂದು ಹಲಗೆಯ ಮೇಲೆ ಮೆಲ್ಲ ಜಾರಿಸಿ, ಬಟ್ಟೆಯಿಂದ ಕಟ್ಟಿ ಸಾಗಿಸಿ. ನೋವಿನಲ್ಲಿರುವ ನಾಯಿ ಯಜಮಾನನಿಗೂ ಕಚ್ಚುತ್ತದೆ. ವಾಂತಿ, ಉಸಿರಾಟದ ತೊಂದರೆ ಇಲ್ಲದಿದ್ದರೆ ಮೂತಿಗೆ ಬಟ್ಟೆ ಕಟ್ಟಿಕೊಳ್ಳಿ.

ಇನ್ನೊಂದು ಮಾತು: ಮನೆಯಲ್ಲಿರುವ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಬೆಕ್ಕಿಗಂತೂ ಒಂದೇ ಪ್ಯಾರಸಿಟಮಾಲ್ ಮಾತ್ರೆ ಪ್ರಾಣಕ್ಕೆ ಕುತ್ತು.

ಮೊದಲ ವಾರ: ಮಲಗಿಸುವುದೂ ಚಿಕಿತ್ಸೆಯೇ

ಬೆನ್ನಿಗೆ ಪೆಟ್ಟಾಗಿದ್ದರೆ, ಮೂಳೆಗೆ ಪ್ಲೇಟ್ ಹಾಕಿದ್ದರೆ, ಡಾಕ್ಟ್ರು ಹೇಳುವವರೆಗೆ ಯಾವ ವ್ಯಾಯಾಮವೂ ಬೇಡ. ಈ ದಿನಗಳಲ್ಲಿ ಮಾಡಬೇಕಾದ್ದು ಮೂರು ಕೆಲಸ.

1. ಮಗ್ಗಲು ಬದಲಿಸಿ. ಪ್ರತಿ 3-4 ಗಂಟೆಗೊಮ್ಮೆ ಬೆನ್ನು ತಿರುಚದ ಹಾಗೆ ಇನ್ನೊಂದು ಮಗ್ಗಲಿಗೆ ಹೊರಳಿಸಿ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸೊಂಟ, ಭುಜ, ಮೊಣಕೈಯ ಮೂಳೆ ಒತ್ತಿ ಹುಣ್ಣಾಗುತ್ತದೆ. ನಮ್ಮ ಕರಾವಳಿಯ ಮಳೆ, ತೇವಕ್ಕೆ ಆ ಹುಣ್ಣಿನಲ್ಲಿ ನೊಣ ಕೂತು ಹುಳ ಬೀಳಲು ತಡ ಇಲ್ಲ. ದಪ್ಪ ಫೋಮಿನ ಮೇಲೆ ಒಣ ಗೋಣಿ ಹಾಸಿ, ಒದ್ದೆಯಾದ ಕೂಡಲೇ ಬದಲಿಸಿ.

2. ಮೂತ್ರ ನೋಡಿ. ನಾನು ತಪ್ಪಿದ್ದು ಇಲ್ಲೇ. ಗೋಣಿ ಒದ್ದೆ ಇತ್ತು, ಹಾಗಾಗಿ ಮೂತ್ರ ಹೋಗ್ತಾ ಉಂಟು ಅಂದುಕೊಂಡೆ. ಅದು ತುಂಬಿದ ಚೀಲ ಸೋರುತ್ತಿದ್ದದ್ದು. ನಾಲ್ಕನೇ ದಿನ ವಾಸನೆ ಬಂತು, ಜ್ವರ ಬಂತು, ಸೋಂಕಿಗೆ ಬೇರೆ ಮದ್ದು ಮಾಡಬೇಕಾಯಿತು. ಹೊಟ್ಟೆ ಒತ್ತಿ ಮೂತ್ರ ಖಾಲಿ ಮಾಡಿಸುವುದನ್ನು ಡಾಕ್ಟ್ರ ಹತ್ತಿರವೇ ಕಲಿತುಕೊಳ್ಳಿ. ದಿನಕ್ಕೆ 3-4 ಸಲ ಬೇಕಾಗಬಹುದು. ಅಂದಾಜಿನಲ್ಲಿ ಜೋರಾಗಿ ಒತ್ತಬೇಡಿ.

3. ತಂಪು, ಆಮೇಲೆ ಬಿಸಿ. ಊತ ಇರುವ ಮೊದಲ 2-3 ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಡಿ. ಊತ ಇಳಿದ ಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ. ಮೊದಲು ನಿಮ್ಮ ಮುಂಗೈಗೆ ಇಟ್ಟು ನೋಡಿ. ಸ್ಪರ್ಶ ಗೊತ್ತಾಗದ ಕಾಲು ಸುಟ್ಟರೂ ನಾಯಿ ಹೇಳುವುದಿಲ್ಲ.

ಎರಡನೇ ವಾರದಿಂದ: ಕಾಲಿಗೆ ಕೆಲಸ ಕೊಡಿ

ಬಳಸದ ಸ್ನಾಯು ಕೆಲವೇ ದಿನಗಳಲ್ಲಿ ಕರಗಲು ಶುರುವಾಗುತ್ತದೆ, ಕೀಲು ಬಿಗಿಯುತ್ತದೆ. ಆದ್ದರಿಂದ ಡಾಕ್ಟ್ರು ಒಪ್ಪಿಗೆ ಕೊಟ್ಟ ದಿನವೇ ಶುರು ಮಾಡಿ.

ಪಾದದಿಂದ ಮೇಲಕ್ಕೆ 5 ನಿಮಿಷ ಮೆಲ್ಲ ನೀವಿ. ಆಮೇಲೆ ಬೆರಳು, ಪಾದದ ಗಂಟು, ಮೊಣಕಾಲು, ಸೊಂಟ, ಒಂದೊಂದೇ ಕೀಲನ್ನು ಮಡಚಿ ಬಿಡಿಸಿ. ಪ್ರತಿ ಕೀಲಿಗೆ 10-15 ಸಲ, ದಿನಕ್ಕೆ 2-3 ಹೊತ್ತು. ಎಲ್ಲಿಯವರೆಗೆ ಸಲೀಸಾಗಿ ಬರುತ್ತದೋ ಅಲ್ಲಿಯವರೆಗೆ ಮಾತ್ರ. ನಾಯಿ ತಿರುಗಿ ನೋಡಿದರೆ ಅಥವಾ ತುಟಿ ನೆಕ್ಕಿಕೊಂಡರೆ ನಿಲ್ಲಿಸಿ, ಅದು ನೋವಿನ ಸೂಚನೆ.

ನಂತರ ನಿಲ್ಲಿಸುವ ಅಭ್ಯಾಸ. ಉದ್ದ ಟವೆಲನ್ನು ಹೊಟ್ಟೆಯ ಕೆಳಗೆ, ತೊಡೆಯ ಮುಂದೆ ಹಾಕಿ ಎರಡು ತುದಿ ಮೇಲೆ ಹಿಡಿಯಿರಿ. ಗಂಡು ನಾಯಿಯಾದರೆ ಮೂತ್ರದ ಜಾಗ ಒತ್ತದ ಹಾಗೆ ನೋಡಿ. ನಾಲ್ಕೂ ಪಾದ ನೆಲಕ್ಕೆ ಸರಿಯಾಗಿ ಊರಿಸಿ, ಮೊದಲ ದಿನ ಒಂದೇ ನಿಮಿಷ ನಿಲ್ಲಿಸಿ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ನಿಂತಿರುವಾಗ ಸೊಂಟವನ್ನು ಎಡಕ್ಕೆ, ಬಲಕ್ಕೆ ಮೆಲ್ಲ ತಳ್ಳಿ. ಬೀಳದೆ ಉಳಿಯಲು ಮಾಡುವ ಪ್ರಯತ್ನವೇ ಅದಕ್ಕೆ ವ್ಯಾಯಾಮ.

ಜಾಗ ಮುಖ್ಯ. ರೆಡ್ ಆಕ್ಸೈಡ್ ನೆಲ, ಟೈಲ್ಸ್ ಮೇಲೆ ಬೇಡವೇ ಬೇಡ, ಕಾಲು ಜಾರಿ ಮತ್ತೆ ಪೆಟ್ಟಾಗುತ್ತದೆ. ಅಂಗಳದ ಮಣ್ಣು ಅಥವಾ ಹುಲ್ಲು ಒಳ್ಳೆಯದು. ಪಾದ ಮಗುಚಿ ಉಜ್ಜುತ್ತಿದ್ದರೆ ನಡೆಸುವಾಗ ಮಕ್ಕಳ ಕಾಲುಚೀಲ ಹಾಕಿ, ಮುಗಿದ ಮೇಲೆ ತೆಗೆಯಿರಿ. ಹೆಜ್ಜೆ ಬರಲು ಶುರುವಾದ ಮೇಲೆ ಅಡಿಕೆ ದಬ್ಬೆಗಳನ್ನು ಒಂದೊಂದು ಅಡಿ ದೂರ ಅಡ್ಡ ಇಟ್ಟು ದಾಟಿಸಿ. ಕಾಲು ಎತ್ತಿ ಇಡುವುದನ್ನು ಅದು ಕಲಿಯುತ್ತದೆ.

ನೀರು ಭಾರ ಹೊರುತ್ತದೆ

ನಾಯಿಯನ್ನು ಸೊಂಟದ ಕೀಲಿನ ಮಟ್ಟದ ನೀರಿನಲ್ಲಿ ನಿಲ್ಲಿಸಿದರೆ ಕಾಲುಗಳ ಮೇಲೆ ಬೀಳುವುದು ದೇಹದ ತೂಕದ ಸುಮಾರು 38% ಮಾತ್ರ. ನೀರು ಮೊಣಕಾಲಿನವರೆಗೆ ಮಾತ್ರ ಇದ್ದರೆ 85% ಬೀಳುತ್ತದೆ. ಟ್ರೆಡ್‌ಮಿಲ್‌ನ ಗುಟ್ಟು ಇದೇ. ತೋಟದ ಟ್ಯಾಂಕಿನಲ್ಲಿ ನೀವೂ ಇಳಿದು, ಟವೆಲಿನಲ್ಲಿ ಹಿಡಿದು 3-5 ನಿಮಿಷ ನಡೆಸಿ. ಹೊಲಿಗೆ, ಹುಣ್ಣು ಇದ್ದರೆ ನೀರು ಬೇಡ. ಸಮುದ್ರ ಬೇಡ, ಅಲೆ ಎಳೆಯುತ್ತದೆ. ಗದ್ದೆಯ ನಿಂತ ನೀರೂ ಬೇಡ, ಇಲಿಜ್ವರದ ಅಪಾಯ ನಾಯಿಗೂ ಉಂಟು, ನಿಮಗೂ ಉಂಟು.

ಮೊಬೈಲ್ ಹೀಗೆ ಬಳಸಿ

ಪ್ರತಿ ಭಾನುವಾರ ಅದೇ ಜಾಗದಲ್ಲಿ, ಹಿಂದಿನಿಂದ ಮತ್ತು ಬದಿಯಿಂದ ಅರ್ಧ ನಿಮಿಷದ ವಿಡಿಯೋ ಮಾಡಿ ಡಾಕ್ಟ್ರಿಗೆ ಕಳಿಸಿ. ದಿನಾ ನೋಡುವ ನಮಗೆ ಬದಲಾವಣೆ ಕಾಣುವುದಿಲ್ಲ. ಕರಿಯನ ಬಾಲ ಮೂರನೇ ವಾರ ಅಲ್ಲಾಡಿದ್ದನ್ನು ನಾನು ನೋಡಿರಲೇ ಇಲ್ಲ, ವಿಡಿಯೋದಲ್ಲಿ ಅಪ್ಪ ತೋರಿಸಿದರು. ಮರುದಿನದಿಂದ ಟವೆಲಿನ ಒಂದು ತುದಿ ಹಿಡಿಯಲು ಅವರೇ ಬಂದರು.

ಮಲಗಿದ ದನಕ್ಕೂ ಇದೇ ಲೆಕ್ಕ

ಕರು ಹಾಕಿದ ಮೇಲೆ ಏಳದ ದನ ಹೆಚ್ಚಾಗಿ ಕ್ಯಾಲ್ಸಿಯಂ ಕೊರತೆಯಿಂದ ಬಿದ್ದಿರುತ್ತದೆ. ಅದಕ್ಕೆ ಮದ್ದು ಉಂಟು. ಆದರೆ 6 ಗಂಟೆಗಿಂತ ಹೆಚ್ಚು ಒಂದೇ ಮಗ್ಗಲಲ್ಲಿ ಸಿಮೆಂಟ್ ನೆಲದ ಮೇಲೆ ಬಿದ್ದರೆ ಅಡಿಯ ಕಾಲಿನ ಸ್ನಾಯು, ನರ ಸತ್ತು, ಕ್ಯಾಲ್ಸಿಯಂ ಕೊಟ್ಟರೂ ಏಳದ ಸ್ಥಿತಿ ಬರಬಹುದು. ಡಾಕ್ಟ್ರು ಬರುವವರೆಗೆ ದಪ್ಪ ಹುಲ್ಲು ಅಥವಾ ಮರಳಿನ ಹಾಸಿಗೆ ಮಾಡಿ, 3-4 ಗಂಟೆಗೊಮ್ಮೆ ಮಗ್ಗಲು ಬದಲಿಸಿ, ಎದೆ ಊರಿ ಕೂರುವ ಹಾಗೆ ಹುಲ್ಲಿನ ಕಟ್ಟು ಆಧಾರ ಕೊಡಿ. ಜಾನುವಾರಿಗೆ ಪಶು ಸಂಜೀವಿನಿ ಆಂಬುಲೆನ್ಸ್ ಕರೆಯಲು 1962 ಗೆ ಫೋನ್ ಮಾಡಿ.

ಎಲ್ಲಿಯವರೆಗೆ?

ಎಲ್ಲಾ ನಾಯಿಗಳೂ ಏಳುವುದಿಲ್ಲ. ಬೆರಳು ಒತ್ತಿದಾಗ ಕಾಲು ಎಳೆದುಕೊಂಡರೆ ಸಾಲದು, ತಿರುಗಿ ನೋಡಬೇಕು, ಕೂಗಬೇಕು. ಆ ನೋವೇ ಗೊತ್ತಾಗದಿದ್ದರೆ ಆಸೆ ಕಡಿಮೆ. ಆಗಲೂ ತಿಂದು, ಬಾಲ ಅಲ್ಲಾಡಿಸದಿದ್ದರೂ ಕಣ್ಣಲ್ಲಿ ಗೆಲುವಿರುವ ನಾಯಿಗೆ ಪಿವಿಸಿ ಪೈಪಿನ ಎರಡು ಚಕ್ರದ ಗಾಡಿ ಮಾಡಿ ಕೊಡಬಹುದು. ಮೊದಲು 15 ನಿಮಿಷಕ್ಕಿಂತ ಹೆಚ್ಚು ಕಟ್ಟಬೇಡಿ. ಊಟ ಬಿಟ್ಟು, ಹುಣ್ಣು ಒಣಗದೆ, ನೋವು ತಡೆಯದೆ ನರಳುತ್ತಿದ್ದರೆ ಡಾಕ್ಟ್ರ ಹತ್ತಿರ ಕೂತು ಮಾತಾಡಿ. ಶಾಂತವಾಗಿ ಕಳಿಸಿಕೊಡುವುದೂ ನಮ್ಮ ಹೊಣೆಯೇ. ಆದರೆ ಅದು ಪ್ರಯತ್ನ ಮಾಡಿದ ಮೇಲಿನ ತೀರ್ಮಾನ ಆಗಿರಲಿ, ಮೊದಲ ದಿನದ್ದಲ್ಲ.

ಕರಿಯ ಆರನೇ ವಾರ ಟವೆಲ್ ಇಲ್ಲದೆ ನಾಲ್ಕು ಹೆಜ್ಜೆ ಇಟ್ಟ. ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ, ತೋಟದ ಕೊನೆಯವರೆಗೆ ಹೋಗುವುದಿಲ್ಲ. ಅಂಗಳದಲ್ಲಿ ಮಲಗಿಯೇ ಮಂಗಗಳಿಗೆ ಬೊಗಳುತ್ತಾನೆ. ಅಷ್ಟು ಸಾಕು ನಮಗೆ.